ಬ್ರಿಸ್ಟಲ್‌ನಲ್ಲಿ ಒಂದು ಸೋಲೋ ಹಿಪ್ ಹಾಪ್ ಆಲ್ಬಮ್: ಬೀಟ್‌ನಿಂದ ಅಂಚೆಯವರೆಗೆ ನನ್ನ ಅನುಭವ

12 ಹಾಡು, 38 ನಿಮಿಷ, 300 ಎಲ್‌ಪಿ, 100 ಕ್ಯಾಸೆಟ್. ಲೇಬಲ್ ಇಲ್ಲ, ಮುಂಗಡ ಕೊಟ್ಟವರಿಲ್ಲ, ಎಲ್‌ಪಿಯಲ್ಲಿ ಬೇರೆಯವರ ರೆಕಾರ್ಡಿನಿಂದ ಎತ್ತಿದ ಒಂದು ಲೂಪೂ (ಮತ್ತೆ ಮತ್ತೆ ಓಡಿಸುವ ತುಂಡು) ಇಲ್ಲ. ಅದುವರೆಗೆ ನಾಲ್ಕು ಜನರ ಕ್ರೂನಲ್ಲಿ ರ‍್ಯಾಪ್ ಮಾಡುತ್ತಿದ್ದ ಇಂಗ್ಲೆಂಡಿನ ಬ್ರಿಸ್ಟಲ್ ಎಂಸಿಯೊಬ್ಬನ ಮೊದಲ ಸೋಲೋ ಆಲ್ಬಮ್ ಇದು. ಮಾತು ಅವನದು, ಬೀಟ್ (ಮಾತಿನ ಹಿಂದಿನ ಸಂಗೀತ), ರೆಕಾರ್ಡಿಂಗ್, ಮಿಕ್ಸ್, ಪ್ರೆಸ್ಸಿಂಗ್, ಪ್ಯಾಕಿಂಗ್ ನನ್ನದು. ಶುರುವಿನಲ್ಲಿ ಮೂರು ವಿಷಯಕ್ಕೆ ಎಲ್ಲರೂ ನಕ್ಕಿದ್ದರು: ಸ್ಯಾಂಪಲನ್ನು (ಬೀಟಿಗೆ ಕತ್ತರಿಸಿ ಬಳಸುವ ಧ್ವನಿತುಂಡು) ನಾವೇ ನುಡಿಸಿ ಹುಟ್ಟಿಸುವುದು, ಬಟ್ಟೆ ಬೀರುವಿನ ಮುಂದೆ ದನಿ ಹಿಡಿಯುವುದು, ಸ್ಟ್ರೀಮಿಂಗ್‌ಗೆ ಆರು ವಾರ ತಡವಾಗಿ ಹಾಕುವುದು. ಮೂರೂ ನಡೆದವು. ಮೊದಲ ಸಲಕ್ಕೇ ನಡೆದವು ಅಂತ ಮಾತ್ರ ಹೇಳಲಾರೆ. ಎಂಪಿಸಿ (ಧ್ವನಿತುಂಡುಗಳನ್ನು ಪ್ಯಾಡ್ ತಟ್ಟಿ ನುಡಿಸುವ ಯಂತ್ರ), ಟರ್ನ್‌ಟೇಬಲ್ ಬಳಸಿ ಗೊತ್ತಿರುವವರಿಗಾಗಿ ಬರೆಯುತ್ತಿದ್ದೇನೆ, ಯಾವ ಗುಂಡಿ ಎಲ್ಲಿದೆ ಅಂತ ಹೇಳಲು ಹೋಗುವುದಿಲ್ಲ.

ಸ್ಯಾಂಪಲ್ ವಿಚಾರದಲ್ಲಿ ಕೈ ಸುಟ್ಟುಕೊಂಡದ್ದು ಸರಿದಾರಿಯಲ್ಲಿ ಹೋಗಿಯೇ. ಎಪ್ಪತ್ತರ ದಶಕದ ಒಂದು ಸೋಲ್ ರೆಕಾರ್ಡಿನ ನಾಲ್ಕು ಬಾರ್ (ತಾಳದ ನಾಲ್ಕು ಸುತ್ತು) ಇಟ್ಟುಕೊಂಡು ಅನುಮತಿ ಕೇಳಿದೆವು. ತಟ್ಟಬೇಕಾದ ಬಾಗಿಲು ಎರಡು: ಧ್ವನಿಮುದ್ರಣದ ಒಡೆಯರು ಬೇರೆ, ಸಂಯೋಜನೆಯ ಹಕ್ಕಿನವರು ಬೇರೆ. ಒಬ್ಬರು ನಾಲ್ಕು ತಿಂಗಳು ಉತ್ತರವನ್ನೇ ಕೊಡಲಿಲ್ಲ. ಇನ್ನೊಬ್ಬರು 300 ಪ್ರತಿಗೆ ಸುಮಾರು 1,500 ಪೌಂಡ್ ಮುಂಗಡ ಕೇಳಿದರು, ಜೊತೆಗೆ ಹಾಡಿನ ಅರ್ಧ ಪಾಲು. ಏಳು ಸೆಕೆಂಡಿನವರೆಗೆ ಬಳಸಿದರೆ ಪರವಾಗಿಲ್ಲ ಎಂಬ ಮಾತು ಈಗಲೂ ಓಡಾಡುತ್ತಿದೆ. ಬ್ರಿಟನ್ನಿನ ಕಾನೂನಿನಲ್ಲಿ ಅಂಥ ಸೆಕೆಂಡ್ ಲೆಕ್ಕವೇ ಇಲ್ಲ. ಮುಗಿದೇ ಹೋಗಿದ್ದ ಮೂರು ಬೀಟ್ ತೆಗೆದು ಹಾಕಬೇಕಾಯಿತು.

ಇಲ್ಲೊಂದು ಅಡ್ಡದಾರಿ ಪ್ರಯೋಗ. ಬ್ರಿಟನ್ನಿನಲ್ಲಿ ಧ್ವನಿಮುದ್ರಣದ ಹಕ್ಕು 50 ವರ್ಷದಿಂದ 70ಕ್ಕೆ ಏರಿದ್ದು 2013ರ ನವೆಂಬರ್‌ನಲ್ಲಿ. ಆಗಲೇ ಅವಧಿ ಮುಗಿದಿದ್ದವಕ್ಕೆ ಹಕ್ಕು ಮರಳಿ ಬರಲಿಲ್ಲ. ಅಂದರೆ 1962ರ ಕೊನೆಯೊಳಗೆ ಬಿಡುಗಡೆಯಾದ ರೆಕಾರ್ಡಿನ ಧ್ವನಿ ಇಲ್ಲಿ ಮುಕ್ತ. ಸಂಯೋಜನೆ ಮಾತ್ರ ಅದನ್ನು ಮಾಡಿದವರು ತೀರಿಕೊಂಡ ಮೇಲೂ 70 ವರ್ಷ ಅವರ ಕಡೆಯದೇ. ಹಾಗಾಗಿ ಸಂಯೋಜಕರು ಯಾರೆಂದೇ ಇಲ್ಲದ ಹಳೇ ಜನಪದ ಧಾಟಿಯೊಂದರ 78 ಆರ್‌ಪಿಎಂ ತಟ್ಟೆ ಹುಡುಕಿ ಬೀಟ್ ಕಟ್ಟಿದೆ. ಚೆನ್ನಾಗಿಯೇ ಬಂತು. ಆದರೆ ಅಮೆರಿಕದಲ್ಲಿ ಲೆಕ್ಕ ಬೇರೆ, ಅಲ್ಲಿ ಐವತ್ತರ ದಶಕದ ಮುದ್ರಣಗಳಿಗೆ ಇನ್ನೂ ದಶಕಗಟ್ಟಲೆ ಹಕ್ಕಿದೆ. ಪ್ರಪಂಚಕ್ಕೆಲ್ಲ ಹೋಗುವ ಡಿಜಿಟಲ್‌ನಲ್ಲೂ ಎಲ್‌ಪಿಯಲ್ಲೂ ಅದನ್ನು ಇಡುವ ಧೈರ್ಯ ಬರಲಿಲ್ಲ. ಬ್ರಿಟನ್ ಒಳಗೆ ಮಾತ್ರ ಮಾರಿದ ಕ್ಯಾಸೆಟ್‌ನಲ್ಲಿ ಹದಿಮೂರನೆಯದಾಗಿ ಹೋಯಿತು.

ಉಳಿದದ್ದು ನಾವೇ ನುಡಿಸುವ ದಾರಿ. ಪಿಯಾನೊ, ಬೇಸ್ ಗಿಟಾರ್, ಕೊಳಲು ನುಡಿಸುವ ಮೂವರು ಸಂಗೀತ ವಿದ್ಯಾರ್ಥಿಗಳನ್ನು ಕರೆದೆ, ಅರ್ಧ ದಿನಕ್ಕೆ ತಲಾ 40 ಪೌಂಡ್. ನುಡಿಸುವವರಿಗೂ ಅವರ ವಾದನದ ಮೇಲೆ ಹಕ್ಕಿರುತ್ತದೆ. ಒಂದು ಪುಟದ ಒಪ್ಪಿಗೆ ಬರೆಸಿ, ಸಹಿಯಾದ ಮೇಲೇ ಮೈಕ್ ಆನ್ ಮಾಡಿ. ಮೊದಲ ದಿನದ್ದು ಪೂರ್ತಿ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು. ಕ್ಲಿಕ್ (ತಾಳ ತಪ್ಪದಿರಲು ಕಿವಿಗೆ ಕೊಡುವ ಟಿಕ್ ಟಿಕ್ ಸದ್ದು) ಹಾಕಿ ಒಬ್ಬೊಬ್ಬರನ್ನೇ ಬೇರೆಬೇರೆ ಹಿಡಿದಿದ್ದೆ. ಎಂಪಿಸಿಯ ಪ್ಯಾಡಿಗೆ ಹಾಕಿ ಕತ್ತರಿಸಿದರೆ ರಿಂಗ್‌ಟೋನ್ ಥರ ಕೇಳಿಸಿತು. ಕಾರಣ ಹೊಳೆಯಲು ಒಂದು ವಾರ ಬೇಕಾಯಿತು. ಹಳೇ ರೆಕಾರ್ಡಿನ ತುಂಡಿನಲ್ಲಿ ರುಚಿ ಇರುವುದು ಅದರ ಗಲೀಜಿನಲ್ಲಿ. ಪಿಯಾನೊದ ಮೈಕಿಗೆ ಬೇಸ್ ಸೋರಿರುತ್ತದೆ, ತುಂಡಿನ ಬಾಲದಲ್ಲಿ ಮುಂದಿನ ಸ್ವರದ ತಲೆ ಅಂಟಿಕೊಂಡಿರುತ್ತದೆ, ಎಲ್ಲವೂ ಒಟ್ಟಿಗೆ ಒಂದೇ ಕಂಪ್ರೆಸರ್‌ನಲ್ಲಿ (ಸದ್ದಿನ ಏರಿಳಿತ ತಗ್ಗಿಸುವ ಸಾಧನ) ಅದುಮಿ ಬಂದಿರುತ್ತದೆ. ಚೊಕ್ಕವಾಗಿ ಬೇರ್ಪಡಿಸಿ ಹಿಡಿದದ್ದರಲ್ಲಿ ಕತ್ತರಿಸಲು ಏನೂ ಉಳಿದಿರುವುದಿಲ್ಲ.

ಎರಡನೇ ದಿನಕ್ಕೆ ಇನ್ನೊಂದು 120 ಪೌಂಡ್ ಹೋಯಿತು. ಮೂವರೂ ಒಂದೇ ಕೋಣೆ, ಎರಡೇ ಮೈಕ್, ಕ್ಲಿಕ್ ಇಲ್ಲ. ಲೂಪ್ ನುಡಿಸಿ ಅಂತ ಹೇಳಲೇ ಇಲ್ಲ, ಹೇಳಿದರೆ ಲೂಪ್ ಥರವೇ ನುಡಿಸಿಬಿಡುತ್ತಾರೆ. ಮೂರು ಭಾಗದ, ನಡುವೆ ಶ್ರುತಿ ಬದಲಾಗುವ ಪೂರ್ತಿ ಹಾಡುಗಳನ್ನು ಬರೆದು ಕೊಟ್ಟೆ. ನಾಲ್ಕು ಟ್ರ್ಯಾಕಿನ ಕ್ಯಾಸೆಟ್ ರೆಕಾರ್ಡರ್ ಪೋರ್ಟಾಸ್ಟುಡಿಯೋದಲ್ಲಿ ಸೆಕೆಂಡಿಗೆ 9.5 ಸೆಂಟಿಮೀಟರ್ ವೇಗದಲ್ಲಿ ಹಿಡಿದದ್ದು ಸುಮಾರು 40 ನಿಮಿಷ. ಒಂದು ತಿಂಗಳು ಮುಟ್ಟಲಿಲ್ಲ. ಏನು ಬರೆದಿದ್ದೆ ಅನ್ನುವುದೇ ಮರೆತ ಮೇಲೆ ಅದರಲ್ಲಿ ಒಳ್ಳೆಯ ಭಾಗ ಆರಿಸಿ ಮೂರು ಡಬ್‌ಪ್ಲೇಟ್ (ಒಂದೇ ಒಂದು ಪ್ರತಿಯಾಗಿ ಕತ್ತರಿಸುವ ತಟ್ಟೆ) ಕತ್ತರಿಸಿಸಿದೆ, 10 ಇಂಚಿನವು, ತಲಾ 40 ಪೌಂಡ್ ಆಜುಬಾಜು. ಇಷ್ಟು ದುಡ್ಡಿಗೆ ಒಳ್ಳೆಯ ಪ್ಲಗಿನ್ (ಸದ್ದು ಬದಲಿಸುವ ಕಂಪ್ಯೂಟರ್ ತಂತ್ರಾಂಶ) ಬರುತ್ತಿತ್ತಲ್ಲ ಅಂತ ಬುದ್ಧಿ ಹೇಳಿದವರಿದ್ದರು. ಪ್ಲಗಿನ್ ಮೇಲಿನಿಂದ ಧೂಳು ಉದುರಿಸುತ್ತದೆ ಅಷ್ಟೆ. ಸೂಜಿ ತಟ್ಟೆಯ ಗೀರಿನಲ್ಲಿ ಓಡಿದಾಗ ಬರುವ ಪದರ ಸ್ವರದ ಜೊತೆಗೇ ಏಳುತ್ತದೆ, ಬೀಳುತ್ತದೆ.

ಡಬ್‌ಪ್ಲೇಟ್ ನಿಮಿಷಕ್ಕೆ 33 ಸುತ್ತಿನದು. ಅದನ್ನು 45ರಲ್ಲಿ ಓಡಿಸಿ ಎಂಪಿಸಿ 2000ಎಕ್ಸ್‌ಎಲ್‌ಗೆ ಎಳೆದುಕೊಂಡು, ಟ್ಯೂನ್ ಮೈನಸ್ 5.2 ಸೆಮಿಟೋನ್ (ಅರ್ಧ ಸ್ವರ) ಮಾಡಿದರೆ ಮೂಲ ಶ್ರುತಿಗೆ ಇಳಿಯುತ್ತದೆ. ಹತ್ತೇ ಸೆಕೆಂಡ್ ಮೆಮೊರಿ ಇದ್ದ ಹಳೇ ಸ್ಯಾಂಪ್ಲರ್ ಎಸ್‌ಪಿ-1200 ಕಾಲದಲ್ಲಿ ಜಾಗ ಉಳಿಸಲು ಕಂಡುಕೊಂಡ ಉಪಾಯ ಇದು. ಈಗ ಜಾಗದ ಕೊರತೆಯಿಲ್ಲ, ಆದರೆ ಕೆಳಗಿಳಿಸಿದಾಗ ಮೇಲಿನ ಕಂಪನಾಂಕಗಳು ಮಸುಕಾಗುವ ಬಗೆ ಬೇರೆ ಯಾವುದರಿಂದಲೂ ಸಿಗಲಿಲ್ಲ. ಮೊನೊದಲ್ಲೇ ತೆಗೆದುಕೊಳ್ಳಿ, 32 ಎಂಬಿ ತುಂಬಿದ ಯಂತ್ರದಲ್ಲಿ ಮೊನೊ ಆರು ನಿಮಿಷ ಚಿಲ್ಲರೆ, ಸ್ಟೀರಿಯೊ ಅದರ ಅರ್ಧ. ಟರ್ನ್‌ಟೇಬಲ್‌ಗೂ ಎಂಪಿಸಿಗೂ ನಡುವೆ ಒಂದು ಹಳೇ ಪೆಟ್ಟಿಗೆ ಇದೆ. ಅದು ಯಾವುದು ಅಂತ ಹೇಳುವುದಿಲ್ಲ. ಹಳೇ ಸಾಮಾನು ಮಾರುವ ಕಾರ್ ಬೂಟ್ ಸಂತೆಯಲ್ಲಿ 5 ಪೌಂಡಿಗೆ ಸಿಕ್ಕಿತು, ಸಂಗೀತಕ್ಕೆಂದು ಮಾಡಿದ ವಸ್ತುವಲ್ಲ, ಇಷ್ಟು ಸಾಕು.

ಡ್ರಮ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸ್ವಿಂಗ್ (ಎಡೆಯ ಪೆಟ್ಟುಗಳನ್ನು ತುಸು ತಡವಾಗಿಸುವ ಪ್ರಮಾಣ) ಶೇಕಡಾ 54ರಿಂದ 58ರ ಒಳಗೆ, ವೇಗ ಬಹುಪಾಲು ನಿಮಿಷಕ್ಕೆ 86ರಿಂದ 92 ಪೆಟ್ಟು (ಬಿಪಿಎಂ). ಕಿಕ್ (ದೊಡ್ಡ ಡ್ರಮ್ಮಿನ ಪೆಟ್ಟು) ಮತ್ತು ಬೇಸ್ ಎರಡೂ 50 ಹರ್ಟ್ಸ್ ಆಸುಪಾಸಿನಲ್ಲಿ ಕೂತರೆ ಎತ್ತು ಏರಿಗೆ, ಕೋಣ ನೀರಿಗೆ. ಕಿಕ್ಕನ್ನು 70ರ ಹತ್ತಿರಕ್ಕೆ ಎತ್ತಿ, ಕೆಳಗಿನ ಜಾಗ ಪೂರ್ತಿ ಬೇಸ್‌ಗೆ ಬಿಟ್ಟೆ.

ಎರಡು ಪ್ರಯೋಗ ಮಾತ್ರ ಹೇಳಬೇಕು. ಮನೆಯಲ್ಲಿದ್ದ ಶ್ರುತಿ ಪೆಟ್ಟಿಗೆಯನ್ನು ಕ್ಯಾಸೆಟ್‌ಗೆ ಹಿಡಿದು ಅರ್ಧ ವೇಗದಲ್ಲಿ ಓಡಿಸಿದೆ. ಒಂದು ಸ್ಥಾಯಿ ಕೆಳಗೆ ಬಂದು, ಟೇಪಿನ ತೂಗಾಟವೂ ಸೇರಿ, ಗುಹೆಯೊಳಗಿನ ಗಾಳಿಯ ಹಾಗಾಯಿತು. ಫ್ರಿಜ್ ಆನ್ ಇದೆಯಾ ಅಂತ ಎಂಸಿ ಕೇಳಿದ. 50 ಸೆಕೆಂಡಿನ ಒಂದು ಇಂಟರ್‌ಲ್ಯೂಡ್‌ಗೆ (ಹಾಡುಗಳ ನಡುವಿನ ತುಣುಕು) ಸಾಕಾಯಿತು. ಇನ್ನೊಂದು, ಖಂಜಿರದ ಬಿಲ್ಲೆಯನ್ನು ಹೈ-ಹ್ಯಾಟ್ (ಡ್ರಮ್ ಸೆಟ್ಟಿನ ಜೋಡಿ ತಾಳ) ಜಾಗಕ್ಕೆ ಹಾಕಿದ್ದು. ಡಿಜಿಟಲ್‌ನಲ್ಲಿ ಸೊಗಸಾಗಿತ್ತು, ನಾಲ್ಕು ಹಾಡಿಗೆ ಹಾಕಿಯೂ ಬಿಟ್ಟಿದ್ದೆ. ಆದರೆ ಬಿಲ್ಲೆಯ ಝಣಝಣ ಕೂರುವುದು ದನಿಯ ‘ಸ’ ಕೂರುವ ಕಡೆಯೇ, 6ರಿಂದ 9 ಕಿಲೋಹರ್ಟ್ಸ್‌ನಲ್ಲಿ. ಎರಡೂ ಒಟ್ಟಿಗೆ ಬಂದ ಕಡೆ ಲ್ಯಾಕರ್ (ರೆಕಾರ್ಡಿನ ಮೂಲ ತಟ್ಟೆ) ಕತ್ತರಿಸುವವರು ಕೈಚೆಲ್ಲಿದರು. ನಾಲ್ಕರಲ್ಲೂ ತೆಗೆದು ಮಾಮೂಲಿ ಹ್ಯಾಟ್ ಹಾಕಿದೆ.

ದನಿ ಹಿಡಿಯುವ ಕಥೆಗೆ ಬಂದರೆ, ಇಲ್ಲಿನ ಸಾಲುಮನೆಗಳ ನಡುಗೋಡೆ ತೆಳು, ಪಕ್ಕದ ಮನೆಯ ಬಾಯ್ಲರ್ ಹೊತ್ತಿಕೊಂಡರೂ ಮೈಕಿಗೆ ಗೊತ್ತಾಗುತ್ತದೆ. ಎಲ್ಲರೂ ಮಾಡುವಂತೆ ಮೆಟ್ಟಿಲ ಕೆಳಗಿನ ಗೂಡಿಗೆ ಫೋಮ್ ಹಚ್ಚಿ ಎಂಸಿಯನ್ನು ಒಳಗೆ ನಿಲ್ಲಿಸಿದೆ. ಐದು ವಾರದ ಟೇಕ್ ಹಾಳು. ಗೂಡಿನ ಅಗಲ 90 ಸೆಂಟಿಮೀಟರ್. ಎದುರುಬದುರು ಗೋಡೆ ಅಷ್ಟು ಹತ್ತಿರವಿದ್ದರೆ ಸುಮಾರು 190 ಹರ್ಟ್ಸ್‌ನಲ್ಲಿ ಅನುರಣನ ನಿಲ್ಲುತ್ತದೆ, ಗಂಡುದನಿಯ ಎದೆ ಇರುವುದೇ ಆ ಸುತ್ತಿನಲ್ಲಿ. ಒಂದಿಂಚು ಫೋಮ್ ಮೇಲಿನ ಸದ್ದನ್ನಷ್ಟೇ ನುಂಗುತ್ತದೆ, ಕೆಳಗಿನದನ್ನು ಹಾಗೇ ಬಿಡುತ್ತದೆ. ಡಬ್ಬದೊಳಗೆ ಮಾತಾಡಿದ ಹಾಗೆ ಬಂದದ್ದನ್ನು ಇಕ್ಯೂ (ಕಂಪನಾಂಕಗಳನ್ನು ಏರಿಳಿಸುವ ಸಾಧನ) ಹಾಕಿ ಕೆತ್ತಿದರೆ ದನಿಯೇ ತೆಳುವಾಗುತ್ತಿತ್ತು.

ಕೊನೆಗೆ ಒಪ್ಪಿದ್ದು ಹೀಗೆ: ಮಲಗುವ ಕೋಣೆಯ ಬಟ್ಟೆ ಬೀರುವಿನ ಎರಡೂ ಬಾಗಿಲು ತೆರೆದು, ಚಳಿಗಾಲದ ಕೋಟುಗಳನ್ನೆಲ್ಲ ಅದರಲ್ಲಿ ಒತ್ತೊತ್ತಾಗಿ ನೇತುಹಾಕಿ, ಮೈಕನ್ನು ಬೀರುವಿನ ಬಾಯಿಗೆ ಇಟ್ಟು, ಎಂಸಿ ಹೊರಗೆ ನಿಂತು ಬಟ್ಟೆಯತ್ತ ಮುಖ ಮಾಡಿ ಹಾಡುವುದು. ಬೆನ್ನ ಹಿಂದೆ, ಒಂದೂವರೆ ಅಡಿ ದೂರದಲ್ಲಿ, ದಪ್ಪ ಡೂವೆ (ಚಳಿಗಾಲದ ಹೊದಿಕೆ). ಮೈಕ್ ಶ್ಯೂರ್ ಎಸ್‌ಎಂ7ಬಿ, ಬಾಯಿಗೆ ನಾಲ್ಕು ಬೆರಳ ದೂರ. ಅದಕ್ಕೆ 60 ಡಿಬಿ ಹತ್ತಿರ ಗೇನ್ (ಸದ್ದಿನ ವರ್ಧನೆ) ಬೇಕು. ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ನನ್ನ ಅಗ್ಗದ ಇಂಟರ್‌ಫೇಸನ್ನು ಕೊನೆಯವರೆಗೆ ತಿರುಗಿಸಿದರೆ ಬುಸ್ ಅನ್ನುತ್ತಿತ್ತು. 70 ಪೌಂಡಿನ ಬೂಸ್ಟರ್ ನಡುವೆ ಹಾಕಿದ ಮೇಲೆ ತಣ್ಣಗಾಯಿತು. ಗುಂಯ್ ಅನ್ನುವ ಸದ್ದು ಉಳಿದಿದ್ದರೆ 50, 100, 150 ಹರ್ಟ್ಸ್ ನೋಡಿ. ಇಲ್ಲಿನ ವಿದ್ಯುತ್ತು ನಮ್ಮೂರಿನಂತೆ 50ರದ್ದೇ. ನಮ್ಮ ಮನೆಯಲ್ಲಿ ತಪ್ಪಿತಸ್ಥ ದೀಪದ ಡಿಮ್ಮರ್.

ಮೊದಲೆರಡು ಹಾಡಿನಲ್ಲಿ ಎಂಸಿ ಅರಿವಿಲ್ಲದೆ ಅಮೆರಿಕದ ಉಚ್ಚಾರಕ್ಕೆ ಜಾರುತ್ತಿದ್ದ, ಅವನ್ನು ಅಳಿಸಿಯೇ ಬಿಟ್ಟೆವು. ಅವನದೇ ಉಚ್ಚಾರಕ್ಕೆ ಬಂದ ಮೇಲೆ ಬೇರೆ ತೊಂದರೆ. ಪದದ ಕೊನೆಯ ‘ಟ್’ ಗಂಟಲಲ್ಲೇ ನಿಂತುಬಿಡುತ್ತದೆ, ಹೊರಗೆ ಬರುವುದೇ ಇಲ್ಲ. ಬೀಟ್ ಮೇಲೆ ಪದ ಮಾಯವಾಗುತ್ತಿದೆ ಅಂತ 3 ಕಿಲೋಹರ್ಟ್ಸ್ ಎತ್ತಿದೆ. ಇಲ್ಲದ ಸದ್ದನ್ನು ಎತ್ತಿ ಏನು ಫಲ? ಕಿವಿ ಚುಚ್ಚಿತಷ್ಟೆ. ಆ ತಡೆಗೆ ಮುಂಚಿನ ಸ್ವರಾಕ್ಷರವನ್ನು ಒಂದೂವರೆ, ಎರಡು ಡಿಬಿ ಕೈಯಾರೆ ಎತ್ತಿ, ತಡೆಯ ಮೌನವನ್ನು ಕಂಪ್ರೆಸರ್ ತುಂಬದಂತೆ ರಿಲೀಸ್ (ಅದುಮಿದ್ದನ್ನು ಅದು ಬಿಡುವ ವೇಗ) ನಿಧಾನ ಮಾಡಿದಾಗ ಪದ ಕೇಳಿಸಿತು. ಲಂಡನ್ನಿನವರು ನುಂಗುವ ‘ರ್’ ಬ್ರಿಸ್ಟಲ್ ಬಾಯಲ್ಲಿ ಗಟ್ಟಿಯಾಗಿಯೇ ಉಳಿಯುತ್ತದೆ. ಅದಕ್ಕೆ ಕೈ ಹಚ್ಚಬೇಡಿ, ಆಲ್ಬಮ್ಮಿನ ಗುರುತೇ ಅದು.

16 ಬಾರಿನ ವರ್ಸ್ (ಚರಣ) 88 ಬಿಪಿಎಂನಲ್ಲಿ 44 ಸೆಕೆಂಡ್. ಸಾಲು ಸಾಲಾಗಿ ಪಂಚ್-ಇನ್ ಮಾಡಿದ್ದು (ನಿಲ್ಲಿಸಿ ನಿಲ್ಲಿಸಿ ತುಂಡು ಸೇರಿಸಿ ಹಿಡಿದದ್ದು) ಒಂದೂ ಉಳಿಯಲಿಲ್ಲ, ಉಸಿರಿನ ಲೆಕ್ಕ ತಪ್ಪುತ್ತದೆ. ಪೂರ್ತಿ ಟೇಕ್ ಮೂರು, ಅದರಲ್ಲಿ ಆಯ್ಕೆ. ಡಬಲ್ (ಅದೇ ಮಾತನ್ನು ಇನ್ನೊಮ್ಮೆ ಹಿಡಿದು ಮೇಲೆ ಸೇರಿಸುವುದು) ಪ್ರತಿ ಸಾಲಿನ ಕೊನೆಯ ಪದಕ್ಕೆ ಮಾತ್ರ. ಮಿಕ್ಸ್ ಮಾಡುವ ದಿನವೇ ಬೈಗುಳ ತೆಗೆದ ರೇಡಿಯೋ ಪ್ರತಿಯನ್ನೂ ಇಳಿಸಿಡಿ. ಹೊಸಬರ ಹಾಡು ಹಾಕುವ ಬಿಬಿಸಿ ಇಂಟ್ರೊಡ್ಯೂಸಿಂಗ್‌ಗೆ ಕಳಿಸಲು ಮೂರು ತಿಂಗಳ ಮೇಲೆ ಸೆಷನ್ ತೆರೆದಾಗ ಎರಡು ಪ್ಲಗಿನ್ ಕೈಕೊಟ್ಟಿದ್ದವು, ಒಂದು ಹಾಡನ್ನು ಮತ್ತೆ ಮೊದಲಿಂದ ಮಿಕ್ಸ್ ಮಾಡಿದೆ.

ಮಾಸ್ಟರಿಂಗ್ (ಮಿಕ್ಸಿಗೆ ಕೊನೆಯ ಹದ ಕೊಡುವುದು) ನಾನು ಮಾಡಲಿಲ್ಲ. ಹಾಡಿಗೆ 35 ಪೌಂಡ್, ವಿನೈಲ್ ಪ್ರತಿಗೆ ಒಟ್ಟು 80 ಹೆಚ್ಚು. ಆ 80 ಉಳಿಸಲು ಹೋಗಿ, ಮೈನಸ್ 9 ಎಲ್‌ಯುಎಫ್‌ಎಸ್‌ಗೆ (ಸದ್ದಿನ ಜೋರಿನ ಅಳತೆ) ಅದುಮಿದ ಡಿಜಿಟಲ್ ಮಾಸ್ಟರನ್ನೇ ಲ್ಯಾಕರ್ ಕತ್ತರಿಸಲು ಕಳಿಸಿದ್ದೆ. ತಟ್ಟೆಯಲ್ಲಿ ಸದ್ದಿನ ಮಟ್ಟ ತೀರ್ಮಾನವಾಗುವುದು ಗೀರಿನ ಅಗಲದಿಂದ, ಒಂದೊಂದು ಪಕ್ಕಕ್ಕೆ ಎಷ್ಟು ನಿಮಿಷ ಅನ್ನುವುದರಿಂದ. ಸದ್ದಿನ ತುದಿಗಳನ್ನು ತಡೆಯುವ ಲಿಮಿಟರ್‌ನಲ್ಲಿ ಚಪ್ಪಟೆ ಮಾಡಿ ಕೊಟ್ಟರೆ ಅವರು ಒಟ್ಟಾರೆ ತಗ್ಗಿಸಿ ಕತ್ತರಿಸುತ್ತಾರೆ, ಕೊನೆಗೆ ಸಿಗುವುದು ಸಣ್ಣ ದನಿಯ ಚಪ್ಪಟೆ ತಟ್ಟೆ. ಇನ್ನೊಂದು ತಪ್ಪು ಹಾಡಿನ ಸರದಿಯಲ್ಲಿ. 12 ಇಂಚಿನ ತಟ್ಟೆಯ ಹೊರ ಅಂಚಿನಲ್ಲಿ ಸೂಜಿಯ ಕೆಳಗೆ ಸೆಕೆಂಡಿಗೆ ಸುಮಾರು 51 ಸೆಂಟಿಮೀಟರ್ ಗೀರು ಹರಿಯುತ್ತದೆ, ಒಳಗೆ ಲೇಬಲ್ ಹತ್ತಿರ ಬರೀ 21. ಅದೇ ‘ಸ’ ಅರ್ಧಕ್ಕಿಂತ ಕಮ್ಮಿ ಜಾಗದಲ್ಲಿ ತುರುಕಿಕೊಳ್ಳಬೇಕು. ನಾನು ಮಾತು ಅತಿ ದಟ್ಟವಾಗಿದ್ದ ಹಾಡನ್ನೇ ಎ ಪಕ್ಕದ ಕೊನೆಗಿಟ್ಟಿದ್ದೆ.

ಟೆಸ್ಟ್ ಪ್ರೆಸ್ಸಿಂಗ್ (ಪರೀಕ್ಷೆಗೆ ಮೊದಲು ಒತ್ತಿದ ಪ್ರತಿ) ಐದು ಬಂದವು. ಎ6, ಅಂದರೆ ಎ ಪಕ್ಕದ ಆರನೇ ಹಾಡು, ‘ಸ’ ಬಂದಲ್ಲೆಲ್ಲ ಉಗುಳುತ್ತಿತ್ತು. ಬಿ2ರಲ್ಲಿ 1.8 ಸೆಕೆಂಡಿಗೊಮ್ಮೆ ಟಕ್, ಅಂದರೆ ಸುತ್ತಿಗೊಂದು. ಐದನ್ನೂ ಅದೇ ಜಾಗದಲ್ಲಿ ಕೇಳಿದೆ. ಟಕ್ ಒಂದರಲ್ಲಿ ಮಾತ್ರ ಇದ್ದರೆ ಆ ಪ್ರತಿಯ ದೋಷ, ಬಿಟ್ಟುಬಿಡಬಹುದು. ಐದರಲ್ಲೂ ಒಂದೇ ಕಡೆ ಇದ್ದರೆ ಸ್ಟಾಂಪರ್‌ನಲ್ಲೋ (ಒತ್ತುವ ಲೋಹದ ಅಚ್ಚು) ಲ್ಯಾಕರ್‌ನಲ್ಲೋ ಇದೆ, ಮುನ್ನೂರರಲ್ಲೂ ಬರುತ್ತದೆ. ಐದರಲ್ಲೂ ಇತ್ತು. ನಿಮಿಷ ಸೆಕೆಂಡ್ ಸಮೇತ ಬರೆದು ಕಳಿಸಿದ್ದರಿಂದ ಬಿ ಪಕ್ಕವನ್ನು ಅವರ ಖರ್ಚಿನಲ್ಲೇ ಮಾಡಿಕೊಟ್ಟರು. ಎ ಪಕ್ಕದ್ದು ನನ್ನ ತಪ್ಪು, 180 ಪೌಂಡ್ ದಂಡ. ಸರದಿ ಬದಲಿಸಿ ಕೊನೆಗೆ ನಿಧಾನದ, ಬಿಡುವಿರುವ ಹಾಡು ಇಟ್ಟೆ; 150 ಹರ್ಟ್ಸ್ ಕೆಳಗಿನದೆಲ್ಲ ಮೊನೊ; ‘ಸ’ಗಳನ್ನು, ತಾನಾಗಿ ತಗ್ಗಿಸುವ ಡಿ-ಎಸ್ಸರ್‌ಗೆ ಬಿಡದೆ, ಒಂದೊಂದಾಗಿ ಕೈಯಲ್ಲಿ ತಗ್ಗಿಸಿದೆ, ಎರಡು ಸಂಜೆಯ ಕೆಲಸ. ಎರಡನೇ ಟೆಸ್ಟ್ ಸೂಟ್‌ಕೇಸ್ ಪ್ಲೇಯರ್‌ನಲ್ಲೂ ಜಿಗಿಯದೆ ಓಡಿತು. ಒತ್ತಿ ಕೊಡಲು 14 ವಾರ ಅಂದದ್ದು 19 ಆಯಿತು. 2020ರ ಫೆಬ್ರವರಿಯಲ್ಲಿ ಕ್ಯಾಲಿಫೋರ್ನಿಯಾದ ಅಪೊಲೊ ಲ್ಯಾಕರ್ ಕಾರ್ಖಾನೆ ಸುಟ್ಟ ಮೇಲೆ, ಹಿಂದೆಯೇ ಕೋವಿಡ್ ಬಂದು, ಎಲ್ಲ ಕಡೆ ಸಾಲು ಬೆಳೆದದ್ದು ನೆನಪಿರಬಹುದು. ಅದಕ್ಕೆ ಹೋಲಿಸಿದರೆ ಇದು ಬೇಗವೇ.

ಕಾಗದಪತ್ರ ಚುಟುಕಾಗಿ. ಇಲ್ಲಿ ಒತ್ತಿಸುವಾಗ ಎಂಸಿಪಿಎಸ್ (ಪ್ರತಿ ಮಾಡುವುದಕ್ಕೆ ಸಂಯೋಜಕರ ಪರ ಶುಲ್ಕ ಪಡೆಯುವ ಸಂಸ್ಥೆ) ಕಾಗದ ಕೇಳುತ್ತಾರೆ. ನಾವಿಬ್ಬರೂ ಅದರ ಸದಸ್ಯರಲ್ಲ, ಹಾಡೆಲ್ಲ ನಮ್ಮದೇ, ಹಾಗಾಗಿ ಅರ್ಜಿ ತುಂಬಿದ್ದಷ್ಟೆ, ಕಟ್ಟುವುದೇನೂ ಬರಲಿಲ್ಲ. ಎಂಸಿ ಪಿಆರ್‌ಎಸ್‌ಗೆ (ಹಾಡು ಪ್ರಸಾರವಾದರೆ ಸಂಯೋಜಕರಿಗೆ ಹಣ ಹಂಚುವ ಸಂಸ್ಥೆ) ಸೇರಲು 100 ಪೌಂಡ್ ಕಟ್ಟಿದ. ಐಎಸ್‌ಆರ್‌ಸಿ ನಂಬರ್ (ಪ್ರತಿ ಧ್ವನಿಮುದ್ರಣದ ಗುರುತು) ಧ್ವನಿಮುದ್ರಣ ಹಕ್ಕಿನ ಸಂಸ್ಥೆ ಪಿಪಿಎಲ್‌ನಿಂದ ಬಿಟ್ಟಿ ಸಿಗುತ್ತದೆ. ನಾನು ಅದನ್ನೂ ತೆಗೆದುಕೊಂಡೆ, ವಿತರಕರು ತಾವಾಗಿ ಕೊಟ್ಟದ್ದನ್ನೂ ಹಾಗೇ ಉಳಿಸಿಕೊಂಡೆ. ಒಂದೇ ಹಾಡಿಗೆ ಎರಡು ನಂಬರ್ ಆಗಿ ರೇಡಿಯೋ ಲೆಕ್ಕ ಹರಿದು ಹಂಚಿಹೋಯಿತು, ಸರಿಪಡಿಸಲು ಎರಡು ತಿಂಗಳು.

ಈಗ ದುಡ್ಡು, ನೆನಪಿನಿಂದ. 300 ಎಲ್‌ಪಿ, 140 ಗ್ರಾಂ, ಕಪ್ಪು, ವ್ಯಾಟ್ ಸೇರಿ 2,050. ಮತ್ತೆ ಕತ್ತರಿಸಿದ್ದು 180. ಮಾಸ್ಟರಿಂಗ್ 500, ವಾದಕರಿಗೆ 240, ಡಬ್‌ಪ್ಲೇಟ್ 120, ಮುಖಪುಟ 250, ಕ್ಯಾಸೆಟ್ 260, ಅಂಚೆ ರಟ್ಟು 210, ಬೂಸ್ಟರ್ ಮತ್ತು ಪಿಆರ್‌ಎಸ್ ಸೇರಿ 170. ನಾಲ್ಕು ಸಾವಿರಕ್ಕೆ ಸ್ವಲ್ಪ ಕಡಿಮೆ. 180 ಗ್ರಾಮಿನ ತಟ್ಟೆ ಬೇಕು ಅಂತ ಎಂಸಿ ಹಟ ಹಿಡಿದಿದ್ದ. ಗೀರು ಅದೇ, ಲ್ಯಾಕರ್ ಅದೇ, ಅಂಚೆ ತೂಕ ಮಾತ್ರ ಜಾಸ್ತಿ ಅಂದೆ.

190 ಪ್ರತಿ 22 ಪೌಂಡಿನಂತೆ, ಸಂಗೀತಗಾರರೇ ಮಾರುವ ಜಾಲತಾಣ ಬ್ಯಾಂಡ್‌ಕ್ಯಾಂಪ್‌ನಲ್ಲಿ ನೇರ ಹೋದವು, 80 ಪ್ರತಿ ಅಂಗಡಿಗಳಿಗೆ ಹದಿಮೂರೂವರೆಯಂತೆ, ಉಳಿದವು ರೇಡಿಯೋದವರಿಗೆ, ನುಡಿಸಿದವರಿಗೆ, ಮೂಲೆ ಬಾಗಿದ್ದು ಒಂದಿಷ್ಟು. ಬ್ಯಾಂಡ್‌ಕ್ಯಾಂಪ್ ವಸ್ತುವಿಗೆ 10, ಡಿಜಿಟಲ್‌ಗೆ 15 ಪ್ರತಿಶತ ಹಿಡಿಯುತ್ತದೆ, ಪಾವತಿ ಶುಲ್ಕ ಬೇರೆ. ಮುಂಗಡ ಬುಕಿಂಗ್ ತೆರೆದದ್ದು ಅವರು ತಮ್ಮ ಪಾಲು ಬಿಟ್ಟುಕೊಡುವ ಬ್ಯಾಂಡ್‌ಕ್ಯಾಂಪ್ ಶುಕ್ರವಾರ, ಆವತ್ತೊಂದೇ ದಿನ 70 ಹೋದವು. ಕ್ಯಾಸೆಟ್, ಡಿಜಿಟಲ್ ಮಾರಾಟವೂ ಸೇರಿ, ಎಲ್ಲ ಕಳೆದು ಉಳಿದದ್ದು 2,100ರ ಮೇಲೆ, ಅರ್ಧರ್ಧ. ಆರು ವಾರದ ಮೇಲೆ ಸ್ಟ್ರೀಮಿಂಗ್‌ಗೆ ಹಾಕಿದ್ದರಿಂದ ಒಂದು ವರ್ಷದಲ್ಲಿ 60 ಸಾವಿರ ಪ್ಲೇಗೆ ಬಂದದ್ದು 160 ಪೌಂಡ್ ಆಸುಪಾಸು. ಅದೂ 2024ರಿಂದ ಸ್ಪಾಟಿಫೈನಲ್ಲಿ 12 ತಿಂಗಳಿಗೆ 1,000 ಪ್ಲೇ ಮುಟ್ಟದ ಹಾಡಿಗೆ ಬಿಡಿಗಾಸಿಲ್ಲ, ನಮ್ಮ ಇಂಟರ್‌ಲ್ಯೂಡ್ ಎರಡೂ ಅದರಲ್ಲಿ ಬಿದ್ದವು. ಮೊದಲೇ ಸ್ಟ್ರೀಮಿಂಗ್ ಬೇಕು ಅಂದವರು ಯಾರ ಲೆಕ್ಕ ನೋಡಿ ಹೇಳಿದ್ದರೋ. ತೆರಿಗೆಯವರ 1,000 ಪೌಂಡಿನ ವಿನಾಯಿತಿ ಬಂದ ಹಣದ ಮೇಲೆ, ಲಾಭದ ಮೇಲಲ್ಲ. ನಾವಿಬ್ಬರೂ ಲೆಕ್ಕ ಒಪ್ಪಿಸಬೇಕಾಯಿತು.

ಅಂಚೆಯಲ್ಲಿ ಎಲ್‌ಪಿ ಲಾರ್ಜ್ ಲೆಟರ್ ಆಗುವುದಿಲ್ಲ, ಅದರ ಮಿತಿ 353 ಗುಣಿಸು 250 ಮಿಲಿಮೀಟರ್. ಸ್ಮಾಲ್ ಪಾರ್ಸೆಲ್ ದರ ಹಿಡಿದೇ ಬೆಲೆ ಕಟ್ಟಿ. ಕ್ಯಾಸೆಟ್ ಮಾತ್ರ 25 ಮಿಲಿಮೀಟರ್ ದಪ್ಪದೊಳಗೆ ನುಸುಳುತ್ತದೆ. ತಟ್ಟೆಯನ್ನು ಒಳಕವರ್ ಸಮೇತ ಹೊರತೆಗೆದು ಜಾಕೆಟ್ಟಿನ (ಚಿತ್ರವಿರುವ ಹೊರ ರಟ್ಟು) ಹಿಂದಿಡಿ. ಒಳಗೇ ಬಿಟ್ಟರೆ ಪೆಟ್ಟಿಗೆ ಬಿದ್ದಾಗ ತಟ್ಟೆಯ ಅಂಚು ಜಾಕೆಟ್ಟಿನ ಅಂಟಿಸಿದ ಜೋಡಣೆ ಸೀಳುತ್ತದೆ. ಮೊದಲ ಕಂತಿನಲ್ಲಿ ಒಂಬತ್ತು ಸೀಳಿದವು. ಯುರೋಪಿಗೆ ಹೋದವುಗಳಲ್ಲಿ ಏಳು ವಾಪಸ್ ಬಂದವು. 2021ರ ಜುಲೈನಿಂದ ಅಲ್ಲಿ ಎಷ್ಟೇ ಅಗ್ಗದ ವಸ್ತುವಿಗೂ ವ್ಯಾಟ್ ಇದೆ. ಮಾರುವಾಗಲೇ ವ್ಯಾಟ್ ಹಿಡಿದಿದ್ದರೂ ಐಒಎಸ್‌ಎಸ್ ನಂಬರನ್ನು (ಆ ವ್ಯಾಟ್ ಮೊದಲೇ ಹಿಡಿದದ್ದಕ್ಕೆ ಗುರುತು) ಅಂಚೆಯ ಡಿಜಿಟಲ್ ಮಾಹಿತಿಯಲ್ಲಿ ತುಂಬದೆ ಬರೀ ರಟ್ಟಿನ ಮೇಲೆ ಬರೆದಿದ್ದೆ. ಕೊಂಡವರ ಬಳಿ ಮತ್ತೆ ತೆರಿಗೆ ಕೇಳಿದರು, ಅವರು ಬೇಡ ಅಂದರು.

ಇನ್ನು 200 ಒತ್ತಿಸುವ ಯೋಚನೆ ಇದೆ. ಲ್ಯಾಕರ್, ಲೋಹದ ಅಚ್ಚಿನ ಖರ್ಚು ಮತ್ತೆ ಬರುವುದಿಲ್ಲವಾದ್ದರಿಂದ ತಟ್ಟೆಗೆ ಒಂದೂವರೆ ಪೌಂಡಿನಷ್ಟು ಇಳಿಯಬೇಕು. ಅಚ್ಚನ್ನು ಎಷ್ಟು ಕಾಲ ಇಟ್ಟುಕೊಂಡಿರುತ್ತೀರಿ ಅಂತ ಆರ್ಡರ್ ಕೊಡುವಾಗಲೇ ಬರೆಸಿಕೊಳ್ಳಿ. ನಮಗೆ ಬಾಯಿಮಾತಿನಲ್ಲಿ ಮೂರು ವರ್ಷ ಅಂದಿದ್ದರು, ಕಾಗದದಲ್ಲಿ ನೋಡಿದರೆ ಎರಡು.